ಓದಬಾರದ ಮೂರು ಅಕ್ಷರ

ಫ್ರೆಂಚ್ ಕಲಿಸುವ ಮೇಡಂ ತಮ್ಮ ಕೆಲಸದಲ್ಲಿ ಸಾವಿರಾರು ಜನರಿಗೆ ಅಂಕ ಕೊಟ್ಟಿದ್ದಾರೆ. ಅದರಲ್ಲಿ ಒಬ್ಬನ ಅಂಕ ಮಾತ್ರ ಅವರಿಗೆ ಇವತ್ತಿಗೂ ನೆನಪಿದೆ.

ಆಗ ಅವರಿಗೆ ನಲವತ್ತರ ಆಸುಪಾಸು. ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಒಂದು ಭಾಷಾ ಸಂಸ್ಥೆ ಸಂಜೆ ತರಗತಿ ನಡೆಸುತ್ತಿತ್ತು. ಬರುತ್ತಿದ್ದವರೆಲ್ಲ ದಿನವಿಡೀ ದುಡಿದು ಸುಸ್ತಾದವರು: ನಾಲ್ಕೈದು ನರ್ಸುಗಳು, ಒಬ್ಬ ವೆಲ್ಡರ್, ಇಬ್ಬರು ಅಡುಗೆಯವರು. ಕಿಟಕಿ ಪಕ್ಕದ ಬೆಂಚಿನಲ್ಲಿ ಲಿಫ್ಟ್ ರಿಪೇರಿ ಮಾಡುವವನೊಬ್ಬ ಕೂರುತ್ತಿದ್ದ. ಎಷ್ಟು ತೊಳೆದರೂ ಅವನ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಎಲ್ಲರೂ ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಅವನ ಹೆಂಡತಿ ನರ್ಸು. ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಹಿಂದಿನ ವರ್ಷವೇ ಫ್ರೆಂಚ್ ಆಡುವ ದೇಶಕ್ಕೆ ಹೋಗಿದ್ದಳು. ಮೊದಲ ಹಂತದ ಭಾಷಾ ಪರೀಕ್ಷೆ ಪಾಸಾದರೆ ಇವನಿಗೂ ಅಲ್ಲಿಗೆ ಹೋಗಲು ಪರವಾನಗಿ ಸಿಗುವುದಿತ್ತು.

ಒಂದು ಸಂಜೆ ಮೇಡಂ ಬೋರ್ಡಿನ ಮೇಲೆ 'ಪಾರ್ಲೇ' ಎಂಬ ಕ್ರಿಯಾಪದ ಬರೆದರು.

"ಅಂದ್ರೆ ಮಾತಾಡು. ತುಂಬ ಸಾಧು ಕ್ರಿಯಾಪದ ಇದು, ಹೇಳಿದ ಹಾಗೆ ಕೇಳುತ್ತೆ. ಕೊನೆಯ ಇ, ಆರ್ ಎರಡಕ್ಷರ ಕತ್ತರಿಸಿ ಹಾಕಿ. ಉಳಿದ ಬುಡಕ್ಕೆ ನಾನು, ನೀನು, ಅವನು, ನಾವು, ನೀವು, ಅವರು ಅಂತ ಒಂದೊಂದು ಬಾಲ. ಇದೊಂದು ಬಂದ್ರೆ ಇಂಥವು ಸಾವಿರ ಬಂದ ಹಾಗೆ."

ತರಗತಿ ಒಕ್ಕೊರಲಿನಿಂದ ಹೇಳಿತು: ಜ ಪಾರ್ಲ್, ತ್ಯು ಪಾರ್ಲ್, ಇಲ್ ಪಾರ್ಲ್, ನೂ ಪಾರ್ಲೋಂ, ವೂ ಪಾರ್ಲೇ. ಕೊನೆಯ 'ಅವರು' ಬಂದಾಗ ಅರ್ಧ ಜನ ಎಡವಿದರು. ಬೋರ್ಡಿನ ಮೇಲೆ ಅದರ ಬಾಲಕ್ಕೆ ಇ, ಎನ್, ಟಿ ಎಂಬ ಮೂರು ಅಕ್ಷರಗಳಿದ್ದವು. ಅವನ್ನು ಬರೆಯಬೇಕು, ಆದರೆ ಓದಬಾರದು. ಬಾಯಲ್ಲಿ ಬರುವುದು ಬರೀ 'ಇಲ್ ಪಾರ್ಲ್' ಎಂದು ಮೇಡಂ ವಿವರಿಸಿದರು.

ಲಿಫ್ಟಣ್ಣ ಕೈ ಎತ್ತಿದ. "ಮೇಡಂ, ನಾವು ಬರೆದಿದ್ದನ್ನೆಲ್ಲ ಓದೋ ಜನ. ಓದೋ ಹಾಗಿಲ್ಲ ಅಂದ್ರೆ ಬರೆಯೋದು ಯಾಕೆ? ಇದು ನಮ್ಮ ಮ್ಯಾನೇಜರ್ ಥರ ಆಯ್ತಲ್ಲ. ಹಾಜರಿ ಪುಸ್ತಕದಲ್ಲಿ ಇರ್ತಾರೆ, ಆಫೀಸಲ್ಲಿ ಇರಲ್ಲ."

ಇಡೀ ತರಗತಿ ನಕ್ಕಿತು. ವೆಲ್ಡರ್ ಬೆಂಚು ಕುಟ್ಟಿದ. ಮೇಡಂಗೆ ಮಾತ್ರ ಆ ನಗು ತಮ್ಮ ಮೇಲೇ ಬಿದ್ದಂತಾಯಿತು.

"ಲಿಫ್ಟ್ ರಿಪೇರಿಗೆ ಇಷ್ಟು ಬುದ್ಧಿ ಸಾಕಿರಬಹುದು. ಭಾಷೆಗೆ ಸಾಲದು" ಎಂದುಬಿಟ್ಟರು.

ನಗು ತಟ್ಟನೆ ನಿಂತಿತು. ಲಿಫ್ಟಣ್ಣ ಪುಸ್ತಕದ ಮೇಲೆ ತಲೆ ತಗ್ಗಿಸಿದ. ಅವತ್ತಿನಿಂದ ಅವನು ಕೈ ಎತ್ತಲಿಲ್ಲ.

ಎರಡು ತಿಂಗಳ ಮೇಲೆ ಪರೀಕ್ಷೆ ನಡೆಯಿತು. ಬರವಣಿಗೆಯಲ್ಲಿ ಅವನಿಗೆ ಮೂವತ್ತೆಂಟು ಬಂತು. ಮೌಖಿಕಕ್ಕೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಮೇಡಂ ಅವನಿಗೆ 'ತ್ರವಾಯೇ' ಕೊಟ್ಟರು, ಅಂದರೆ ಕೆಲಸ ಮಾಡು. ಅದೂ ಪಾರ್ಲೇ ಜಾತಿಯದೇ. ಅವನು ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿಯುವವನಂತೆ ಹೇಳುತ್ತ ಬಂದ. 'ಅವರು' ಬಂದಾಗ 'ಇಲ್ ತ್ರವಾಯ್' ಎಂದ. ಸರಿಯಾಗಿತ್ತು.

ಮೇಡಂ ಹುಬ್ಬು ಗಂಟಿಕ್ಕಿ, "ಇನ್ನೊಂದ್ಸಲ ಹೇಳಿ" ಎಂದರು.

ಯಾಕೆ ಹಾಗೆಂದರೋ ಅವರಿಗೇ ಚೆನ್ನಾಗಿ ಗೊತ್ತಿತ್ತು. ಅವನು ಅವರ ಮುಖ ನೋಡಿದ. ತಪ್ಪಾಯಿತೆಂದು ಗಾಬರಿಯಾಗಿ, ಬಾಲಕ್ಕೆ 'ಎಂಟ್' ಸೇರಿಸಿ ಹೇಳಿದ. ಮೇಡಂ ಎರಡು ಅಂಕ ಕಳೆದರು. ಮೌಖಿಕಕ್ಕೆ ಹನ್ನೊಂದಾಯಿತು, ಒಟ್ಟು ನಲವತ್ತೊಂಬತ್ತು. ಪಾಸಾಗಲು ಐವತ್ತು ಬೇಕಿತ್ತು.

ಪಟ್ಟಿ ನೋಡಿದ ಪ್ರಾಂಶುಪಾಲರು, "ಒಂದೇ ಒಂದು ಅಂಕ. ಇನ್ನೊಮ್ಮೆ ನೋಡ್ತೀರಾ ಮೇಡಂ? ಸಂಸಾರಸ್ಥ" ಎಂದರು.

"ಇವತ್ತು ಒಬ್ಬರಿಗೆ ಕೊಟ್ರೆ ನಾಳೆ ಎಲ್ಲರೂ ಕೈ ಚಾಚ್ತಾರೆ ಸರ್."

ಪಾಸಾದವರ ರೋಲ್ ನಂಬರು ಮಾತ್ರ ಗೋಡೆಗೆ ಅಂಟಿಸುವುದು ಸಂಸ್ಥೆಯ ರೂಢಿ. ಫೇಲಾದವರಿಗೆ ಎಷ್ಟು ಬಂತೆಂದು ತಿಳಿಸುತ್ತಿರಲಿಲ್ಲ. ಲಿಫ್ಟಣ್ಣ ಬಂದು ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ್ದನ್ನು ಮೇಡಂ ಸ್ಟಾಫ್ ರೂಮಿನ ಬಾಗಿಲಿನಿಂದ ಕಂಡರು. ಹೊರಗೆ ಬರಲಿಲ್ಲ. ಆರು ತಿಂಗಳಲ್ಲಿ ಮತ್ತೆ ಪರೀಕ್ಷೆ ಇದೆ, ಬಂದೇ ಬರುತ್ತಾನೆ ಎಂದುಕೊಂಡರು. ಅವನು ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ಪ್ರತಿ ವರ್ಷ ಹೊಸ ತರಗತಿಗೆ ಅದೇ ಮೂರು ಅಕ್ಷರ ಬರೆಯುವಾಗ ಮೇಡಂ ಕಿಟಕಿ ಕಡೆ ನೋಡುತ್ತಿರಲಿಲ್ಲ.

ಹದಿನಾಲ್ಕು ವರ್ಷ ಕಳೆಯಿತು. ಮೇಡಂ ನಾಲ್ಕನೇ ಮಹಡಿಯ ಮನೆಯೊಂದಕ್ಕೆ ಬಂದು, ಮಂಡಿನೋವಿನ ದೊಡ್ಡಮ್ಮನನ್ನು ಜೊತೆಗಿಟ್ಟುಕೊಂಡಿದ್ದರು. ಒಮ್ಮೆ ಲಿಫ್ಟು ಕೆಟ್ಟು ದೊಡ್ಡಮ್ಮ ಮೂರು ದಿನ ಮನೆಯಲ್ಲೇ ಉಳಿಯಬೇಕಾಯಿತು. ನಾಲ್ಕನೇ ದಿನ ಬೆಳಿಗ್ಗೆ ಮೇಡಂ ಬಾಗಿಲು ತೆಗೆದಾಗ ತಲೆ ನರೆತ ಮೆಕ್ಯಾನಿಕ್ಕೊಬ್ಬ ಲಿಫ್ಟಿನ ಮುಂದೆ ಮಂಡಿಯೂರಿ, ಬಾಗಿಲು ಓಡುವ ಕಿರುಗಾಲುವೆಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ತಿರುಗಿ ನೋಡಿದವನೇ ಎದ್ದು ನಿಂತ.

"ಫ್ರೆಂಚ್ ಮೇಡಂ ಅಲ್ವಾ? ನಾನು, ಕಿಟಕಿ ಪಕ್ಕ ಕೂರ್ತಿದ್ದೆ."

ಮೇಡಂಗೆ ಗುರುತು ಹತ್ತಲು ಒಂದು ಕ್ಷಣವೂ ಬೇಕಾಗಲಿಲ್ಲ. "ಮನೆಯವರು, ಮಗು, ಎಲ್ಲ ಚೆನ್ನಾಗಿದ್ದಾರಾ?" ಎಂದರು.

"ಚೆನ್ನಾಗಿದ್ದಾರೆ, ಅಲ್ಲೇ." ಅವನು ಮತ್ತೆ ಕೂತು ಬ್ರಷ್ಷು ಹಿಡಿದ. "ಅವಳು ಮೂರು ವರ್ಷ ಕಾದಳು. ಆಮೇಲೆ ಫೋನು ವಾರಕ್ಕೊಂದಾಯ್ತು, ತಿಂಗಳಿಗೊಂದಾಯ್ತು. ಕೊನೆಗೆ ಬೇರೆ ಮದುವೆ ಆದಳು. ಹೇಳಿಯೇ ಆದಳು, ಕದ್ದುಮುಚ್ಚಿ ಅಲ್ಲ."

"ಮಗಳು?"

"ಅವಳಿಗೀಗ ಹತ್ತೊಂಬತ್ತು. ಹೊಸ ವರ್ಷಕ್ಕೆ ಫೋನ್ ಮಾಡ್ತಾಳೆ. 'ಅಪ್ಪ, ಊಟ ಆಯ್ತಾ' ಅಂತಾಳೆ. ಆಯ್ತು ಅಂತೀನಿ. ಆಮೇಲೆ ಅವಳಿಗೆ ನಮ್ಮ ಮಾತು ಸಿಗಲ್ಲ, ನಂಗೆ ಅವಳ ಮಾತು ಬರಲ್ಲ. ಸುಮ್ನೆ ಇಬ್ರೂ ನಗ್ತೀವಿ."

"ನೀವು ಯಾಕೆ ಮತ್ತೆ ಪರೀಕ್ಷೆ ಕಟ್ಟಲಿಲ್ಲ?"

"ತಲೆಗೆ ಹತ್ತದ್ದನ್ನ ಎಷ್ಟು ಸಲ ಅಂತ ಕಟ್ಟೋದು ಮೇಡಂ? ನೀವೂ ಅವತ್ತೇ ಹೇಳಿದ್ರಿ. ನಂಗೆ ಹತ್ತೋ ಹದಿನೈದೋ ಬಂದಿರಬೇಕು."

ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಮೇಡಂ ಹೊಸ್ತಿಲ ಮೇಲೇ ನಿಂತಿದ್ದರು.

"ನಲವತ್ತೊಂಬತ್ತು ಬಂದಿತ್ತು" ಎಂದರು.

ಬ್ರಷ್ಷು ನಿಂತಿತು. ಮೇಡಂ ಮಿಕ್ಕಿದ್ದನ್ನೂ ಹೇಳಿದರು. ಮೊದಲು ಹೇಳಿದ್ದು ಸರಿಯಿತ್ತು ಎಂದು, ಬೇಕೆಂದೇ ಮತ್ತೆ ಹೇಳಿಸಿದೆ ಎಂದು, ತರಗತಿಯಲ್ಲಿ ಎಲ್ಲರೂ ನಕ್ಕಿದ್ದನ್ನು ಮರೆತಿರಲಿಲ್ಲ ಎಂದು.

"ಮೊದಲು ಹೇಳಿದ್ದು ಪೂರ್ತಿ ಸರಿ ಇತ್ತಾ?" ಎಂದು ಅವನು ಕೇಳಿದ.

"ಪೂರ್ತಿ."

ಅವನು ಬ್ರಷ್ಷನ್ನು ನೆಲಕ್ಕಿಟ್ಟ.

"ಇಷ್ಟು ಬಂದಿದೆ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಆರು ತಿಂಗಳು ಬಿಟ್ಟು ಮತ್ತೆ ಕೂರ್ತಿದ್ದೆ. ಒಂದು ಅಂಕ ಏನು ಮಹಾ. ಹೆಂಡತಿ ಫೋನಲ್ಲಿ ಗೋಗರೆದಳು, ಇನ್ನೊಂದ್ಸಲ ಕಟ್ಟಿ ನೋಡಿ ಅಂತ. ಗಂಡನ್ನ ದಡ್ಡ ಅಂತ ಊರಿಗೆಲ್ಲ ತೋರಿಸಬೇಕಾ ಅಂತ ನಾನೇ ರೇಗಿದೆ."

"ನಂದು ತಪ್ಪಾಯ್ತು" ಎಂದರು ಮೇಡಂ.

ಪರವಾಗಿಲ್ಲ ಬಿಡಿ ಎಂದು ಅವನು ಹೇಳಬಹುದೆಂದು ಅವರು ಕಾದರು. ಅವನು ಹೇಳಲಿಲ್ಲ. ಕಿರುಗಾಲುವೆಯಲ್ಲಿ ಸಿಕ್ಕಿಕೊಂಡಿದ್ದ ಹರಳೊಂದನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದ. ಲಿಫ್ಟನ್ನು ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿದ. ಕೆಲಸ ಮುಗಿದ ಚೀಟಿಯನ್ನು ಚಾಚಿ, "ಇಲ್ಲಿ ಸಹಿ ಮಾಡಿ" ಎಂದ.

ಸಹಿ ಮಾಡುತ್ತ ಮೇಡಂ ಅಂದರು: "ಭಾನುವಾರ ಮನೆಗೆ ಬನ್ನಿ. ನಾನು ಹೇಳಿಕೊಡ್ತೀನಿ. ಪರೀಕ್ಷೆಗಲ್ಲ, ಮಗಳ ಹತ್ತಿರ ಮಾತಾಡೋಕೆ."

"ನೋಡೋಣ ಮೇಡಂ" ಎಂದು ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಇಳಿದು ಹೋದ.

ಮೂರು ಭಾನುವಾರ ಮೇಡಂ ಹೊಸ ನೋಟು ಪುಸ್ತಕವೊಂದನ್ನು ಮೇಜಿನ ಮೇಲಿಟ್ಟುಕೊಂಡು ಕಾದರು. ನಾಲ್ಕನೆಯ ಭಾನುವಾರ ಅದನ್ನು ಎತ್ತಿಟ್ಟರು. ಸಂಸ್ಥೆಯಲ್ಲಿ ಈಗಿನ ಪ್ರಾಂಶುಪಾಲರ ಹಿಂದೆ ಬಿದ್ದು, ಫೇಲಾದವರಿಗೂ ಅಂಕ ತಿಳಿಸುವ ಪದ್ಧತಿ ತಂದರು. ಇದಕ್ಕೆ ಇಷ್ಟು ಹಟ ಯಾಕೆಂದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಮುಂದಿನ ಸರ್ವೀಸಿಗೆ ಬೇರೆ ಮೆಕ್ಯಾನಿಕ್ ಬಂದ. ಹಿಂದಿನವರು ಈ ಏರಿಯಾ ಬೇಡವೆಂದು ಆಫೀಸಿಗೆ ಬರೆದುಕೊಟ್ಟರು ಎಂದ. ಅವನು ಹೋದ ಮೇಲೆ ದೊಡ್ಡಮ್ಮ ಕೇಳಿದರು: "ಮೊದಲಿನವನು ಎಷ್ಟು ಒಪ್ಪವಾಗಿ ಕೆಲಸ ಮಾಡಿದ್ದ. ಅವನ್ಯಾಕೆ ಬರಲ್ವಂತೆ?"

"ನನ್ನಿಂದ ದೊಡ್ಡಮ್ಮ" ಎಂದು ಮೇಡಂ ಅವರ ಪಕ್ಕ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದರು.

ದೊಡ್ಡಮ್ಮ ಮಂಡಿ ನೀವಿಕೊಳ್ಳುತ್ತ ಕೊನೆಯವರೆಗೂ ಕೇಳಿದರು.

"ಇಷ್ಟು ವರ್ಷ ಯಾರ ಹತ್ರಾನೂ ಹೇಳಿರ್ಲಿಲ್ವಾ?" ಎಂದಷ್ಟೇ ಕೇಳಿದರು.

"ಇಲ್ಲ" ಎಂದರು ಮೇಡಂ.