ನನ್ನ ಮೂಗಿನ ಜಂಬ

ಕಾರ್ಖಾನೆಯವರು ರಾಸಾಯನಿಕ ಖಾಲಿ ಮಾಡಿ ಎಸೆದ ನೀಲಿ ಡ್ರಮ್ಮುಗಳನ್ನು ತೊಳೆದು ಮಾರುವುದು ನನ್ನ ಕಸುಬು. ನಮ್ಮ ಓಣಿಯಲ್ಲಿ ಕುಡಿಯುವ ನೀರು ತುಂಬಿಡುವುದೂ ಅವುಗಳಲ್ಲೇ. ತೊಳೆದ ಡ್ರಮ್ಮಿಗೆ ಮೂಗಿಟ್ಟು ಮೂಸಿ ನಾನು ‘ಹೂಂ’ ಅಂದರೆ ಮುಗಿಯಿತು, ಜನ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದರು. ಆ ಮೂಗಿನ ಬಗ್ಗೆ ನನಗೆ ಎಲ್ಲಿಲ್ಲದ ಜಂಬ.

ಡ್ರಮ್ಮಿನ ತಳಕ್ಕೆ ನನ್ನ ಕೈ ಎಟುಕುವುದಿಲ್ಲ. ದೊಡ್ಡ ಮಗಳು ಏಳು ವರ್ಷದವಳಿದ್ದಾಗ ಅದರೊಳಗೆ ಇಡಿಯಾಗಿ ಹಿಡಿಸುತ್ತಿದ್ದಳು. ಬ್ರಷ್ ಹಿಡಿದು ಇಳಿದರೆ ಹಾಡೇ ಹಾಡು. ದನಿ ಗುಂಯ್ ಅನ್ನುತ್ತದೆಂದು ಅವಳಿಗೆ ಖುಷಿ, ಕೂಲಿಯಾಳು ಬೇಕಿಲ್ಲವೆಂದು ನನಗೆ ಖುಷಿ. ಹತ್ತು ತುಂಬಿ ಮೈ ಹಿಡಿಸದಾದ ಮೇಲೆ ಬಿಟ್ಟಳು.

ಈಗ ಅವಳಿಗೆ ಹತ್ತೊಂಬತ್ತು. ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿ ಒಂಬತ್ತು ದಿನವಾಯಿತು.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಕೇಳಿದರು: “ಚಿಕ್ಕೋಳಿದ್ದಾಗ ಕೆಮಿಕಲ್ ಗಿಮಿಕಲ್ ಏನಾದ್ರೂ ಮುಟ್ತಿದ್ಲಾ? ಅದರಿಂದಾನೇ ಬಂತು ಅಂತ ಹೇಳೋಕಾಗಲ್ಲ. ಆದ್ರೆ ಈ ವರ್ಷ ನಿಮ್ಮ ಓಣಿ ಕಡೆಯಿಂದ ಇದೇ ಕಾಯಿಲೆ ಅಂತ ಬಂದ ಹುಡುಗೀರಲ್ಲಿ ಇವಳು ಮೂರನೆಯವಳು. ಮನೇಲಿ ಬೇರೆ ಮಕ್ಕಳಿದಾರಾ?”

“ಚಿಕ್ಕೋಳು ಒಬ್ಳಿದಾಳೆ. ಕೆಮಿಕಲ್ ಎಲ್ಲಾ ಏನಿಲ್ಲಮ್ಮ,” ಅಂದೆ. ಹೌದು ಅಂದುಬಿಟ್ಟರೆ, ಮಗಳನ್ನು ಅದರೊಳಗೆ ಇಳಿಸಿದವನು ನಾನೇ ಆಗುತ್ತೇನಲ್ಲ! ಮಗಳು ನನ್ನನ್ನೇ ನೋಡಿದಳು.

ಅಂಗಳಕ್ಕೆ ಕಾಲಿಟ್ಟರೆ ಹಾಡು. ಗುಂಯ್ ಅನ್ನುವ ಹಾಡು.

ಓಡಿಹೋಗಿ ಬಗ್ಗಿ ನೋಡಿದೆ. ಡ್ರಮ್ಮಿನ ತಳದಲ್ಲಿ ಕಿರಿಯವಳು, ಏಳು ವರ್ಷದ ಚೋಟುದ್ದದವಳು, ಮೊಣಕಾಲವರೆಗೆ ನೊರೆ. ರಟ್ಟೆ ಹಿಡಿದು ಮೇಲೆಳೆದೆ.

“ಯಾರೇ ನಿಂಗೆ ಇಳಿ ಅಂದಿದ್ದು?”

“ದಿನಾ ನೀನೇ ಇಳಿಸ್ತೀಯಲ್ಲಪ್ಪ! ನೀನು ಬರೋಷ್ಟರಲ್ಲಿ ಮುಗಿಸೋಣ ಅಂತ...” ಅವಳು ಬ್ರಷ್ ಎತ್ತಿ ತೋರಿಸಿದಳು. “ಚೆನ್ನಾಗೇ ತೊಳೆದಿದೀನಿ. ಬೇಕಾದ್ರೆ ಮೂಸಿ ನೋಡು.”

ಡ್ರಮ್ಮನ್ನು ಬಿಟ್ಟು ಅವಳ ಕೂದಲನ್ನೇ ಮೂಸಿದೆ. ಏನೂ ಇಲ್ಲ. ದೇವರಾಣೆ, ಸಮಾಧಾನವಾಯಿತು.

“ವಾಸನೆ ಇಲ್ಲ,” ಅಂದೆ.

ದೊಡ್ಡವಳು ಗೇಟಿನ ಹತ್ತಿರವೇ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

“ಅಪ್ಪ, ಇಲ್ಲೀವರೆಗೂ ಘಾಟು ಹೊಡೀತಿದೆ. ನಿಂಗೆ ಬರ್ತಿಲ್ವಾ?”

ಮತ್ತೆ ಮೂಸಿದೆ. ಉಸಿರು ಎಳೆದೆಳೆದು ಮೂಸಿದೆ. ಏನೂ ಬರಲಿಲ್ಲ. ಓಣಿಯ ಮನೆಮನೆಯಲ್ಲೂ ನಾನು ‘ಹೂಂ’ ಅಂದ ಡ್ರಮ್ಮುಗಳಿದ್ದವು.