ಮೇಲೊಂದು ಖಾಲಿ ಸಾಲು

"ಅಕ್ಕಾ, ಡೌನ್‌ಲೋಡ್ ಆಗತ್ತೆ, ತೆರೆಯೋಕೇ ಆಗ್ತಿಲ್ಲ. ನನ್ನೊಬ್ಬಳದೇ ಅಲ್ಲ, ಇಲ್ಲಿ ಯಾರದೂ ಆಗ್ತಿಲ್ಲ."

ಫೋನ್ ಮಾಡಿದ ತಂಗಿ ಪರೀಕ್ಷಾ ಕೇಂದ್ರದ ಗೇಟಿನ ಹತ್ತಿರ ನಿಂತಿದ್ದಳು. ಎರಡು ಗಂಟೆಗೆ ಗೇಟು ಮುಚ್ಚುತ್ತಾರೆ. ಈಗ ಒಂದೂ ನಲವತ್ತು. ಪ್ರವೇಶಪತ್ರ ತೋರಿಸದಿದ್ದರೆ ನರ್ಸಿಂಗ್ ಸೀಟಿಗೆ ಇನ್ನೊಂದು ವರ್ಷ ಕಾಯಬೇಕು.

ಹೆಸರು, ಫೋಟೋ, ನಂಬರು ಸೇರಿಸಿ, ಕೇಳಿದವರಿಗೆ ಆಗಿಂದಾಗಲೇ ಪ್ರವೇಶಪತ್ರದ ಚಿತ್ರ ತಯಾರಿಸಿ ಕೊಡುವ ಪಿಎಚ್‌ಪಿ ಪ್ರೋಗ್ರಾಂ, ಆಫೀಸಿನಲ್ಲಿ ಕೂತಿದ್ದ ಅಕ್ಕನದೇ. ನಿನ್ನೆಯವರೆಗೆ ಹೂವೆತ್ತಿದ ಹಾಗೆ ನಡೆದಿತ್ತು. ನಂಬರು ದೊಡ್ಡದಾಗಿ ಕಾಣಬೇಕೆಂದು ಮೇಲಿನವರು ಹೇಳಿದ್ದಕ್ಕೆ, ಬೆಳಿಗ್ಗೆ ಹೊಸ ಫೈಲು ತೆರೆದು ಎಲ್ಲವನ್ನೂ ಅವಳೇ ಮತ್ತೆ ಬರೆದಿದ್ದಳು. ಆದರೂ ಮ್ಯಾನೇಜರ್ ಕೇಳಿದಾಗ ಹೆದರಿ, "ನನ್ನ ಕಡೆ ಎಲ್ಲ ಸರಿಯಿದೆ ಸಾರ್, ಸರ್ವರ್ ಇರಬೇಕು" ಎಂದುಬಿಟ್ಟಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸರ್ವರ್ ನೋಡಿಕೊಳ್ಳುವ ಹಿರಿಯರು ಆಗಿನಿಂದ ಬೈಸಿಕೊಳ್ಳುತ್ತಲೇ ಇದ್ದರು.

ಅವರೇ ಈಗ ಅವಳ ಮೇಜಿನ ಹತ್ತಿರ ಬಂದರು. "ಬೇರೆ ಬ್ರೌಸರಲ್ಲಿ ನೋಡಿದ್ಯಾ?"

"ಎಲ್ಲಾದ್ರಲ್ಲೂ ಅದೇ ಕಥೆ."

"ಚಿತ್ರ ಅಂತ ತೆರೀಬೇಡಮ್ಮ. ಬರೀ ಅಕ್ಷರ ಅಂತ ತೆರೆದು ನೋಡು."

ತೆರೆದಳು. ತಲೆಬುಡವಿಲ್ಲದ ಚಿಹ್ನೆಗಳ ರಾಶಿ. ಚಿತ್ರದ ಫೈಲಿನ ಒಳಗು ಹಾಗೆಯೇ ಇರುತ್ತದೆ. ಆದರೆ ರಾಶಿ ಶುರುವಾಗಿದ್ದು ಎರಡನೇ ಸಾಲಿನಿಂದ. ಮೊದಲ ಸಾಲು ಖಾಲಿ.

ಪ್ರೋಗ್ರಾಂ ಫೈಲಿನ ಶುರುವಿನಲ್ಲೇ ಖಾಲಿ ಸಾಲು ಬಿಟ್ಟರೆ ಅದೂ ಚಿತ್ರದ ಜೊತೆ ಹೊರಗೆ ಹೋಗುತ್ತದೆ. ಚಿತ್ರಕ್ಕೂ ಮುಂಚೆ ಒಂದು ಖಾಲಿ ಸಾಲು ಹೋದರೂ ಸಾಕು, ಬ್ರೌಸರಿಗೆ ಅದು ಚಿತ್ರವೇ ಅಲ್ಲ. ಅಪ್ಪ ಮೇಷ್ಟ್ರು. ಇಬ್ಬರು ಮಕ್ಕಳಿಗೂ ಅಕ್ಷರ ತಿದ್ದಿಸುವಾಗ, "ಮೇಲೊಂದು ಸಾಲು ಬಿಟ್ಟು ಬರೀರಿ. ತಪ್ಪಾದ್ರೆ ತಿದ್ದೋಕೆ ಜಾಗ ಬೇಡ್ವಾ?" ಎನ್ನುತ್ತಿದ್ದರು. ಬೆಳಿಗ್ಗೆ ಹೊಸ ಫೈಲಿನಲ್ಲೂ ಕೈ ತಾನಾಗಿಯೇ ಒಂದು ಸಾಲು ಬಿಟ್ಟಿತ್ತು.

ಸಾಲು ಅಳಿಸಿ ಫೈಲನ್ನು ಮತ್ತೆ ಸರ್ವರಿಗೆ ಹಾಕಿದಳು. ಒಂದೂ ಐವತ್ನಾಲ್ಕು.

"ಈಗ ನೋಡೇ."

ಫೋನಿನಲ್ಲಿ ಬರೀ ಗದ್ದಲ.

"ಬಂತು ಅಕ್ಕಾ. ನನ್ನ ಮುಖ ಬಂತು." ಓಡುವ ಸದ್ದು, ಯಾರೋ ನಂಬರು ಕೂಗಿದ್ದು, ಆಮೇಲೆ ಫೋನು ಕಟ್ಟಾಯಿತು. ಇನ್ನೂ ಮೂರು ನಿಮಿಷವಿತ್ತು.

ಮ್ಯಾನೇಜರ್ ಒಂದು ಹಾಳೆ ತಂದಿಟ್ಟರು. "ಏನಾಯ್ತು ಅಂತ ಬರೆದು ಕೊಡಿ. ಸರ್ವರ್‌ದು ಅಂದ್ರಲ್ಲ, ಅದನ್ನೂ ಬರೀರಿ."

ಹಿರಿಯರು ತಮ್ಮ ಕುರ್ಚಿಗೆ ಹೋಗಿ ಕೂತರು. ಅವರಿಗೆ ಎಲ್ಲ ಗೊತ್ತಿತ್ತು.

ಪೆನ್ನು ಅಭ್ಯಾಸದಂತೆ ಎರಡನೇ ಸಾಲಿಗೆ ಹೋಯಿತು. 'ಸರ್ವರ್' ಎಂದು ಬರೆದು ನಿಂತಿತು. ಅವಳು ಅದನ್ನು ಹೊಡೆದುಹಾಕಿ, ಮೇಲಿನ ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದಳು.