ಕೋಟಿನ ಒಳಮೈ ಮೇಲಿನ ಪದ್ಯ

ಪದ್ಯ ಬರೆಯುವ ಹುಚ್ಚು ನನಗೆ ಎಂದೂ ಇರಲಿಲ್ಲ. ಬಟ್ಟೆ ಹೊಲಿಯುವವಳು ನಾನು. ಅಳತೆ ಕೊಡುವಾಗ ಅಲ್ಲಾಡಿದವರಿಗೆ ಬೈಯುವುದರಲ್ಲಿ ಇರುವಷ್ಟು ಹೆಸರು ನನಗೆ ಹೊಲಿಗೆಯಲ್ಲೂ ಇಲ್ಲ. ಆದರೆ ನಮ್ಮ ಪ್ರೈಮರಿ ಶಾಲೆಯ ಟೀಚರ್ ನಿವೃತ್ತರಾಗಿ, ಮಗಳ ಊರಿಗೆ ಹೊರಟಿದ್ದರು. ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಯಾರಾದರೂ ನಾಲ್ಕು ಮಾತಾಡಬೇಕು ಎಂದಾಗ, "ನಾನು ಪದ್ಯ ಓದ್ತೀನಿ" ಅಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಲಿ, ನನ್ನ ಗಂಟೇನು ಹೋಯಿತು?

ಕಾರಣವಿತ್ತು. ಇದೇ ಟೀಚರ್ ನನ್ನನ್ನು ನಾಲ್ಕನೇ ಕ್ಲಾಸಿನಲ್ಲಿ ಫೇಲು ಮಾಡಿದ್ದರು. ಜೊತೆಯವರೆಲ್ಲ ಐದಕ್ಕೆ ಹೋದರು, ನಾನೊಬ್ಬಳು ಅದೇ ಬೆಂಚಿನಲ್ಲಿ ಉಳಿದೆ. ಮೊದಲ ವಾರ ಅತ್ತದ್ದು ನಿಜ. ಆದರೆ ಆಮೇಲಿನ ಆ ವರ್ಷ ಇದೆಯಲ್ಲ, ಅಬ್ಬಾ! ಟೀಚರ್ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬೆರಳು ಹಿಡಿದು ಓದಲು ಕಲಿಸಿದರು. ಹರಿದ ಬಟ್ಟೆಯ ಭೂಪಟ ಹೊಲಿಯೆಂದು ಮೊದಲ ಸಲ ನನ್ನ ಕೈಗೆ ಸೂಜಿ ಕೊಟ್ಟವರೂ ಅವರೇ. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ವರ್ಷ ಇನ್ನೊಂದಿಲ್ಲ.

ಅವರಿಗೆ ಅದು ಗೊತ್ತಿರಲಿಲ್ಲ. ಮೂವತ್ತು ವರ್ಷಗಳಿಂದ ಎಲ್ಲಿ ಸಿಕ್ಕರೂ, "ನಿನಗೆ ಅನ್ಯಾಯ ಮಾಡ್ಬಿಟ್ಟೆ ಕಣೇ" ಎಂದು ಮುಖ ಸಣ್ಣ ಮಾಡುತ್ತಿದ್ದರು. ನನಗೋ ಎದುರಿನವರು ಕಣ್ಣು ತುಂಬಿಕೊಂಡರೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. "ಹೋಗ್ಲಿ ಬಿಡಿ ಟೀಚರ್" ಎಂದು ಗದರಿ ಬಂದುಬಿಡುತ್ತಿದ್ದೆ. ಈಗ ಹೀಗೇ ಹೊರಟುಹೋದರೆ ಆ ಭಾರವೂ ಅವರ ಜೊತೆಗೇ ಹೋಗುತ್ತದಲ್ಲ ಎಂಬುದೇ ನನ್ನ ಸಂಕಟ. ಬಾಯಲ್ಲಿ ಹೇಳಲಾಗದ್ದನ್ನು ಪದ್ಯದ ಕೊನೆಯ ಸಾಲಿನಲ್ಲಿ ಹೇಳಿಬಿಡೋಣ ಅಂದುಕೊಂಡೆ.

ಪೆನ್ನು ಹಿಡಿದರೆ ಒಂದಕ್ಷರ ಬರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮೆಷಿನ್ ನಿಂತಿತು. ಮೇಜಿನ ಮೇಲೆ ಶಾಲೆಯಲ್ಲಿ ಹಾಡುವ ಮಕ್ಕಳ ತೋಳಿಲ್ಲದ ಕೋಟಿಗೆಂದು ತಂದ ಕಡುನೀಲಿ ಬಟ್ಟೆ ಹರಡಿತ್ತು. ಕೈಯಲ್ಲಿ ಗುರುತು ಹಾಕುವ ಬಿಳಿ ಚಾಕ್ ಇತ್ತು. ಸ್ಲೇಟು ಸಿಕ್ಕಿದ ಹಾಗಾಯಿತು. ಬಟ್ಟೆಯ ಒಳಮೈ ಮೇಲೆ ಎಂಟು ಸಾಲು ಸರಸರನೆ ಬರೆದೆ. ಕಾಗದಕ್ಕೆ ಇಳಿಸಿಕೊಳ್ಳೋಣ ಎನ್ನುವಷ್ಟರಲ್ಲಿ ಅಕ್ಕನ ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಫೋನು ಬಂತು. ಬಿದ್ದೆನೋ ಎದ್ದೆನೋ ಎಂದು ಓಡಿದೆ.

ಎರಡು ದಿನ ಬಿಟ್ಟು, ಬೀಳ್ಕೊಡುಗೆಯ ಬೆಳಿಗ್ಗೆ ಬಂದು ನೋಡಿದರೆ ಮೇಜು ಖಾಲಿ.

"ಬಟ್ಟೆ ಎಲ್ರೀ?"

ನಮ್ಮ ಯಜಮಾನರು ಎದೆಯುಬ್ಬಿಸಿದರು. "ಆರೂ ಕೋಟು ಕತ್ತರಿಸಿ, ಹೊಲಿದು, ಶಾಲೆಗೆ ಕೊಟ್ಟೂ ಆಯ್ತು. ನೀನಿಲ್ದಿದ್ರೆ ಅಂಗಡಿ ನಡೆಯಲ್ಲ ಅಂದ್ಕೊಂಡಿದ್ಯಾ?"

"ಅದರ ಮೇಲೆ ಬರೆದಿದ್ದು ಕಾಣ್ಲಿಲ್ವಾ?"

"ಕಾಣ್ತು. ನೀನು ಬಟ್ಟೆ ಮೇಲೆ ಬರೆಯೋದೆಲ್ಲ ಅಳತೆ ತಾನೆ? ಕನ್ನಡಕ ಇರ್ಲಿಲ್ಲ, ಓದೋಕೆ ಹೋಗ್ಲಿಲ್ಲ."

ಅಳತೆ ಎಂದುಕೊಂಡೂ ಓದದೆ ಕತ್ತರಿ ಹಾಕಿದ ಪುಣ್ಯಾತ್ಮನಿಗೆ ಏನು ಹೇಳಲಿ? ನನಗಾದರೂ ಸಾಲುಗಳು ನೆನಪಿದ್ದವೇ ಎಂದರೆ ಅದೂ ಇಲ್ಲ. ಬಾಯಿಪಾಠ ಬರುತ್ತಿದ್ದರೆ ನಾಲ್ಕರಲ್ಲಿ ಯಾಕೆ ಫೇಲಾಗುತ್ತಿದ್ದೆ?

ಶಾಲೆಗೆ ಓಡಿದೆ. ಆರು ಮಕ್ಕಳು ಹೊಸ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಹಾಡುತ್ತಿದ್ದರು. ಹಾಡು ಮುಗಿದದ್ದೇ ನನ್ನನ್ನು ಕರೆದರು. ಮೈಕಿನ ಮುಂದೆ ನಿಂತು ಎರಡು ಸಲ ಕೆಮ್ಮಿದೆ. ಬೇರೆ ದಾರಿಯಿರಲಿಲ್ಲ.

"ಮಕ್ಕಳಾ, ಕೋಟು ಬಿಚ್ಚಿ, ಒಳಗಿನದು ಹೊರಗೆ ಮಾಡಿ ಎತ್ತಿ ಹಿಡೀರಿ. ನನ್ನ ಪದ್ಯ ಅದರಲ್ಲಿದೆ."

ಮಕ್ಕಳಿಗೆ ಇಷ್ಟು ಸಾಲದೆ? ಒಳಪದರವಿಲ್ಲದ ಕೋಟುಗಳು ತಿರುಗಿದವು. ಅಕ್ಷರಗಳು ಅಲ್ಲಲ್ಲಿ ಮಾಸಿದ್ದರೂ ಇದ್ದವು. ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ತಾನೇ ಶುರುಮಾಡಿದಳು: "ಬೆಂಚಿನಲ್ಲಿ ಕೂತರೆ..."

ಪಕ್ಕದವನು ತನ್ನ ಕೋಟು ನೋಡಿ ಮುಂದುವರಿಸಿದ: "ಚಪ್ಪಲಿ ಯಾರದೋ ಕಾಲಿಗೆ!"

"ಗಂಟೆ ಹೊಡೆದರೆ ಸಾಕು," ಅಂದಳು ಮೂರನೆಯವಳು.

"ಸಿಂಬಳವೆಲ್ಲ ತೋಳಿಗೆ," ಅಂದ ನಾಲ್ಕನೆಯವನು, ಬಹಳ ಗಂಭೀರವಾಗಿ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೀಚರ್ ಎದ್ದು ಬಂದರು. ಕನ್ನಡಕ ಏರಿಸಿಕೊಂಡು, ಮಕ್ಕಳನ್ನು ಭುಜ ಹಿಡಿದು ಆಚೆ ಈಚೆ ನಿಲ್ಲಿಸಿ, ಸಾಲು ಸರಿಮಾಡಿ ಗಟ್ಟಿಯಾಗಿ ಓದಿಸಿದರು:

ಬೆಂಚಿನಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ,
ಮುಟ್ಟುವಷ್ಟು ಬೆಳೆದಾಗ ಬೆಂಚು ನಮ್ಮದಾಗಿರಲಿಲ್ಲ...

ನಗು ನಿಂತಿತು. ಏಳು ಸಾಲು ಓದಿಸಿ ಟೀಚರ್ ನನ್ನ ಕಡೆ ತಿರುಗಿದರು. "ಕೊನೆ ಸಾಲು ಎಲ್ಲೇ?"

ನನ್ನ ಹಿಂದೆಯೇ ಬಂದು ಸಭೆಯಲ್ಲಿ ಕೂತಿದ್ದ ಯಜಮಾನರನ್ನು ನೋಡಿದೆ. ಅವರು ಕೂತಲ್ಲಿಂದಲೇ, "ಅದು ಚಿಂದಿಗೆ ಹೋಗಿರ್ಬೇಕು ಕಣೇ!" ಎಂದು ಕೂಗಿದರು.

"ಇರ್ಲಿ ಬಿಡು," ಟೀಚರ್ ಮತ್ತದೇ ಸಣ್ಣ ಮುಖ ಮಾಡಿದರು. "ನಿನ್ನನ್ನ ಫೇಲ್ ಮಾಡಿದ ಪಾಪಿ ನಾನು. ನನಗೆ ಇಷ್ಟು ಸಿಕ್ಕಿದ್ದೇ ಹೆಚ್ಚು."

ಸಿಟ್ಟು ನೆತ್ತಿಗೇರಿತು. ಮೈಕು ಇರುವುದೂ ಮರೆತುಹೋಯಿತು.

"ಇನ್ನೊಂದ್ಸಲ ಹಾಗಂದ್ರೆ ನೋಡಿ ಟೀಚರ್! ನೀವು ಫೇಲ್ ಮಾಡಿದ ವರ್ಷಾನೇ ನನ್ನ ಜೀವನದಲ್ಲಿ ಎಲ್ಲಕ್ಕಿಂತ ಒಳ್ಳೇ ವರ್ಷ. ಪಾಸ್ ಮಾಡಿ ಕೈ ತೊಳ್ಕೊಂಡಿದ್ರೆ ಓದೋಕೇ ಬರದೆ ಉಳೀತಿದ್ದೆ ನಾನು. ಇದೇ ನನ್ನ ಕೊನೆ ಸಾಲು, ಸಾಕಾ?"

ಟೀಚರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ನೆಟ್ಟಗೆ ನಿಂತು, "ಮತ್ತೆ ಹೇಳು" ಅಂದರು.

ನಲವತ್ತೊಂದು ವರ್ಷದವಳು ನಾನು, ಕೈ ಕಟ್ಟಿಕೊಂಡು ಮತ್ತೆ ಹೇಳಿದೆ.

"ಹಿಂದಿನವರಿಗೆ ಕೇಳಿಸ್ಲಿಲ್ಲ," ಅಂದರು, ಕಣ್ಣೊರೆಸಿಕೊಳ್ಳುತ್ತ.

ಹಿಂದಿನವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಮೂರನೇ ಸಲ ಹೇಳಿದೆ, ಈ ಸಲ ಗದರದೆ.